ಪಾಪ, ಅದಕ್ಕೂ ಉಸಿರಾಡೋಕೆ ಬಿಡ್ರೀ...

ಮೊದಲೇ ಹೇಳಿಬಿಡ್ತೀನಿ, ಇವತ್ತು ಸ್ವಲ್ಪ ಸಿಟ್ಟಿನಲ್ಲೇ ಬರೀತಾ ಇದ್ದೀನಿ.

ಇಲ್ಲಿ ಇಂಗ್ಲೆಂಡಿನಲ್ಲಿ ಕನ್ನಡದ ಗೆಳೆಯರೊಬ್ಬರ ಮನೆಗೆ ಮೊನ್ನೆ ಭಾನುವಾರ ಊಟಕ್ಕೆ ಹೋಗಿದ್ದೆ. ಊಟ ಆದಮೇಲೆ ಹಿತ್ತಲು ತೋರಿಸಿದರು. ಹೊಸದಾಗಿ ಹಾಕಿಸಿದ ಹೀಟ್ ಪಂಪ್ ಎಲ್ಲಿ ಅಂತ ಕೇಳಿದರೆ ಒಂದು ಚೆಂದದ ಮರದ ಪೆಟ್ಟಿಗೆ ತೋರಿಸಿದರು. ಮುಂದೆ ಸಾಲಾಗಿ ಹೂವಿನ ಕುಂಡಗಳು, ಪಕ್ಕದಲ್ಲಿ ಆಗಲೇ ಪೆಟ್ಟಿಗೆ ಹತ್ತೋಕೆ ಶುರು ಮಾಡಿರೋ ಐವಿ ಬಳ್ಳಿ. "ಹೇಗಿದೆ? ಒಳಗೆ ಮಷೀನು ಇದೆ ಅಂತ ಗೊತ್ತೇ ಆಗಲ್ಲ ಅಲ್ವಾ?" ಅಂದರು, ಹೆಮ್ಮೆಯಿಂದ. ಚೆನ್ನಾಗಿದೆ ಅಂದುಬಿಟ್ಟೆ. ಊಟ ಹಾಕಿದವರ ಮುಂದೆ ಇನ್ನೇನು ಹೇಳೋದು? ಅಲ್ಲಿ ನುಂಗಿಕೊಂಡಿದ್ದನ್ನ ಇಲ್ಲಿ ಹೇಳ್ತಾ ಇದ್ದೀನಿ.

ನಾನೇನೂ ದೊಡ್ಡ ಪಂಡಿತ ಅಲ್ಲ. ಇದೇ ತಪ್ಪು ಮಾಡಿ ಕೈ ಸುಟ್ಟುಕೊಂಡವನು. ಕೈ ಸುಟ್ಟುಕೊಂಡೆ ಅನ್ನೋದಕ್ಕಿಂತ ಅಮ್ಮನನ್ನ ಚಳಿಯಲ್ಲಿ ನಡುಗಿಸಿದವನು ಅಂದರೆ ಸರಿ.

ಇಲ್ಲಿನ ಸರ್ಕಾರ 2022ರಲ್ಲಿ ಹೀಟ್ ಪಂಪಿಗೆ 5,000 ಪೌಂಡ್ ಅನುದಾನ ಶುರು ಮಾಡಿತು. 2023ರ ಅಕ್ಟೋಬರಿನಲ್ಲಿ ಅದು 7,500 ಆಯಿತು. ಆಗಲೇ ನಾನೂ ಗ್ಯಾಸ್ ಬಾಯ್ಲರ್ ತೆಗೆಸಿ ಇದನ್ನ ಹಾಕಿಸಿದ್ದು. ಮರುವರ್ಷ ಅಮ್ಮ ಬಂದರು. ಹಿತ್ತಲಲ್ಲಿ ಮಳೆಗೆ ನೆನೀತಾ ನಿಂತಿದ್ದ ಬಿಳೀ ಪೆಟ್ಟಿಗೆ ನೋಡಿ, "ಅಷ್ಟು ದುಡ್ಡು ಕೊಟ್ಟು ತಂದಿದ್ದೀಯ, ಅದರ ಮೇಲೆ ಒಂದು ಹೊದಿಕೆ ಹಾಕಬಾರದೇನೋ?" ಅಂದರು.

ನಮ್ಮ ಜನದ ವಿಷಯ ನಿಮಗೇ ಗೊತ್ತಲ್ಲ. ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರ್, ಫ್ರಿಜ್ಜಿನ ತಲೆ ಮೇಲೆ ಕಸೂತಿ ಬಟ್ಟೆ, ಮಿಕ್ಸಿಗೊಂದು ಅಂಗಿ. ಬೆಲೆಬಾಳುವ ವಸ್ತು ಅಂದರೆ ಮುಚ್ಚಿಡಬೇಕು! ಇತ್ತ ಇಂಗ್ಲಿಷರ ಕಾಯಿಲೆ ಬೇರೆ. ಅವರಿಗೆ ಮಳೆಯ ಚಿಂತೆ ಇಲ್ಲ, ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ ಅನ್ನೋ ಚಿಂತೆ. ನನಗೆ ಎರಡೂ ಅಂಟಿಕೊಂಡಿತ್ತು. ಪಟ್ಟಿ ಪಟ್ಟಿ ಮರದ ಒಂದು ಪೆಟ್ಟಿಗೆ ತರಿಸಿ ಮುಚ್ಚಿದೆ. ಅಮ್ಮ ಪಕ್ಕದಲ್ಲಿ ಬಟಾಣಿ ಬಳ್ಳಿ ಹಬ್ಬಿಸಿದರು. ನಮ್ಮ ಕರಿಬೇವಿನ ಕುಂಡವನ್ನ ಫ್ಯಾನಿನ ಎದುರಿಗೇ ತಂದಿಟ್ಟರು. "ಬಿಸಿಗಾಳಿ ಬರುತ್ತಲ್ಲ, ಬೆಚ್ಚಗಿರುತ್ತೆ" ಅಂತ.

ಬೆಂಗಳೂರಿನ ಎಸಿ ನೋಡಿದವರು ಯಾರಾದರೂ ಹಾಗೇ ಅಂದುಕೊಳ್ತಾರೆ. ಅಲ್ಲಿ ಹೊರಗಿನ ಪೆಟ್ಟಿಗೆ ಬಿಸಿಗಾಳಿ ಉಗುಳುತ್ತೆ. ಆದರೆ ಮನೆ ಬಿಸಿ ಮಾಡುವಾಗ ನಡೆಯೋದು ಉಲ್ಟಾ. ಪೆಟ್ಟಿಗೆ ಹೊರಗಿನ ಗಾಳಿಯನ್ನ ಹಿಂಭಾಗದಿಂದ ಎಳೆದುಕೊಂಡು, ಅದರಲ್ಲಿರೋ ಶಾಖ ಹೀರಿ, ಇನ್ನೂ ತಣ್ಣಗೆ ಮಾಡಿ ಮುಂದಕ್ಕೆ ತಳ್ಳುತ್ತೆ. ಚಳಿಗಾಳಿಯಲ್ಲಿ ಶಾಖ ಎಲ್ಲಿಂದ ಬರುತ್ತೆ ಅಂತೀರಾ? ಒಳಗಿರೋ ಆರ್ 32 ಅನ್ನೋ ದ್ರವ ಸಾಮಾನ್ಯ ಒತ್ತಡದಲ್ಲಿ ಸುಮಾರು ಮೈನಸ್ 52 ಡಿಗ್ರಿಗೇ ಕುದಿಯುತ್ತೆ. ಹಾಗಾಗಿ ನಮಗೆ ಕೊರೆಯೋ ಗಾಳಿಯೂ ಅದಕ್ಕೆ ಬಿಸಿಯೇ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಸಿಗೋದು ಹೀಗೆ. ಮ್ಯಾಜಿಕ್ ಏನಿಲ್ಲ. ಅದಕ್ಕೆ ಬೇಕಾದ್ದು ಒಂದೇ: ಧಾರಾಳವಾಗಿ ಗಾಳಿ.

ಅದನ್ನೇ ನಾನು ಕಿತ್ತುಕೊಂಡಿದ್ದೆ!

ಕರಿಬೇವು ಅಕ್ಟೋಬರ್ ಮುಗಿಯೋದರೊಳಗೆ ಎಲೆ ಉದುರಿಸಿಕೊಂಡು ಕಡ್ಡಿಯಾಯಿತು. ಡಿಸೆಂಬರಿನಲ್ಲಿ ಮನೆ ಬೆಚ್ಚಗಾಗೋದೇ ನಿಂತುಹೋಯಿತು. ಅಮ್ಮ ಸ್ವೆಟರ್ ಮೇಲೆ ಶಾಲು ಹೊದ್ದು, ಕಾಲುಚೀಲ ಹಾಕಿಕೊಂಡು ಅಡುಗೆಮನೆಯಲ್ಲಿ ಒಲೆ ಹತ್ತಿರವೇ ಕೂತಿರುತ್ತಿದ್ದರು. ಕೇಳಿದರೆ "ನನಗೇನೂ ಚಳಿ ಇಲ್ಲಪ್ಪ" ಅನ್ನೋರು. ಬಿಲ್ಲು ಮಾತ್ರ ಏರುತ್ತಲೇ ಇತ್ತು. ಹಾಕಿದ ಕಂಪನಿಯವರನ್ನ ಫೋನಿನಲ್ಲಿ ಬಾಯಿಗೆ ಬಂದಹಾಗೆ ಬೈದೆ. ಈ ಹೀಟ್ ಪಂಪೆಲ್ಲಾ ಬೂಟಾಟಿಕೆ, ಬಾಯ್ಲರೇ ವಾಸಿ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ರಿಪೇರಿಯವನು ಬಂದ. ಮಷೀನು ಮುಟ್ಟಲೇ ಇಲ್ಲ. ಒಂದು ಥರ್ಮಾಮೀಟರನ್ನ ಹುಲ್ಲಿನ ಮೇಲೆ ಹಿಡಿದ, 4 ಡಿಗ್ರಿ. ಪೆಟ್ಟಿಗೆಯೊಳಗೆ ಹಿಡಿದ, ಮೈನಸ್ 1! ಮಷೀನು ಉಗುಳಿದ ತಣ್ಣನೆ ಗಾಳಿ ಮರಕ್ಕೆ ಬಡಿದು ಹಿಂದಕ್ಕೆ ಸುತ್ತಿ ಬಂದು ಅದರ ಮೂಗಿಗೇ ಹೋಗುತ್ತಿತ್ತು. ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಮಂಜು ಕಟ್ಟೋದು, ಅದನ್ನ ಕರಗಿಸೋಕೆ ಮಷೀನು ಮನೆಯ ಶಾಖವನ್ನೇ ವಾಪಸ್ ಎಳೆಯೋದು, ಮತ್ತೆ ಮಂಜು ಕಟ್ಟೋದು. ಹಿಂಭಾಗಕ್ಕೆ ಒಣಗಿದ ಬಟಾಣಿ ಬಳ್ಳಿ ಮೆತ್ತಿಕೊಂಡಿತ್ತು. ಕೆಳಗೆ ಕರಗಿದ ನೀರು ಇಂಗಲಿ ಅಂತ ಹಾಕಿದ್ದ ಜಲ್ಲಿಯಲ್ಲಿ ಒಣಎಲೆ ತುಂಬಿ, ನೀರು ನಿಂತು ಮಂಜುಗಡ್ಡೆಯಾಗಿತ್ತು. ಅವನು ಪೆಟ್ಟಿಗೆ ಕಳಚಿ, ಬಳ್ಳಿ ಕಿತ್ತು, ಜಲ್ಲಿ ಗುಡಿಸಿದ. ಅಷ್ಟೇ ರಿಪೇರಿ. ಸಂಜೆಗೆ ಮನೆ ಬೆಚ್ಚಗಾಯಿತು. ಅಮ್ಮ ಶಾಲು ಮಡಿಸಿಟ್ಟರು.

ನನ್ನ ಸಿಟ್ಟು ಇದಕ್ಕೇ. ನಾವು "ರಕ್ಷಣೆ" ಅಂತ ಮಾಡೋದು ಮಷೀನಿನ ರಕ್ಷಣೆ ಅಲ್ಲ. ನಮ್ಮ ಕಣ್ಣಿನ ರಕ್ಷಣೆ, ಮರ್ಯಾದೆಯ ರಕ್ಷಣೆ. ಮಳೆ ಹಿಮದಲ್ಲಿ ನಿಲ್ಲೋಕೆ ಅಂತಲೇ ಮಾಡಿರೋ ಮಷೀನಿಗೆ ಕೊಡೆ ಹಿಡೀತೀವಿ. ನಿಜವಾಗಿ ಅದಕ್ಕೆ ಅಪಾಯ ಇರೋದು ತೋಟದ ಕೆಲಸಕ್ಕೆ ಇಳಿದ ನಮ್ಮ ಕೈಯಿಂದಲೇ ಅನ್ನೋದು ಮಾತ್ರ ಹೊಳೆಯೋದೇ ಇಲ್ಲ.

ನೋಡಿ, ಆ ಅಲ್ಯೂಮಿನಿಯಂ ರೆಕ್ಕೆಗಳು ಬೆರಳಲ್ಲಿ ಒತ್ತಿದರೂ ಬಗ್ಗುತ್ತವೆ. ಅದರ ಪಕ್ಕದಲ್ಲೇ ಸ್ಟ್ರಿಮ್ಮರ್ ಹಿಡಿದು ಹುಲ್ಲು ಸವರುತ್ತೇವೆ, ಕಲ್ಲು ಸಿಡಿದು ಬಡಿಯುತ್ತೆ. ಅದೇ ದಾರ ಪೈಪಿಗೆ ಸುತ್ತಿದ ಕಪ್ಪು ರಬ್ಬರ್ ಹೊದಿಕೆಯನ್ನೂ ಹರಿಯುತ್ತೆ. ಲಾನ್ ಮೂವರಿನ ಬಾಯಿ ಮಷೀನಿನ ಕಡೆಗೇ ತಿರುಗಿಸಿ ಹುಲ್ಲಿನ ಚೂರೆಲ್ಲಾ ಅದರ ಬೆನ್ನಿಗೆ ಎರಚುತ್ತೇವೆ. ಕೊಳೆಯಾಯಿತು ಅಂತ ಪ್ರೆಷರ್ ವಾಷರ್ ಹಿಡಿದರಂತೂ ಮುಗೀತು, ರೆಕ್ಕೆಯೆಲ್ಲಾ ಮಲಗಿಬಿಡುತ್ತೆ. ಇನ್ನೊಂದು ಮಾತು. ಈಚಿನ ಎಷ್ಟೋ ಮಷೀನುಗಳಲ್ಲಿ ಇರೋದು ಆರ್ 290, ಅಂದರೆ ಪ್ರೋಪೇನ್. ಬೆಂಕಿ ಹೊತ್ತಿಕೊಳ್ಳೋ ಗ್ಯಾಸು, ಗಾಳಿಗಿಂತ ಭಾರ. ಅದರ ಬುಡದಲ್ಲಿ ಕಳೆ ಸುಡೋ ಬರ್ನರ್ ಹಿಡಿಯೋದು, ಪಕ್ಕದಲ್ಲಿ ಬಾರ್ಬೆಕ್ಯೂ ಹಚ್ಚೋದು ಬೇಡವೇ ಬೇಡ.

ಹಾಗಾದರೆ ತೋಟವೇ ಬೇಡವಾ ಅಂತ ಕೇಳಬಹುದು. ಖಂಡಿತ ಬೇಕು, ನಾನೂ ಬೆಳೀತೀನಿ. ಎದುರಿಗೆ ಒಂದು ಮೀಟರಿಗಿಂತ ಹೆಚ್ಚು ಖಾಲಿ ಬಿಟ್ಟಿದ್ದೀನಿ. ಹಿಂದೆ ಪಕ್ಕದಲ್ಲಿ ಎಷ್ಟು ಜಾಗ ಬೇಕು ಅಂತ ಮಷೀನಿನ ಜೊತೆ ಬಂದ ಪುಸ್ತಕದಲ್ಲೇ ಇರುತ್ತೆ, ದಯವಿಟ್ಟು ಓದಿ. ಸುತ್ತ ಹುಲ್ಲು ಬೇಡ, ಜಲ್ಲಿ ಇರಲಿ. ಆಗ ಸ್ಟ್ರಿಮ್ಮರಿನ ಕೆಲಸವೇ ಇಲ್ಲ, ಕಳೆ ಬಂದರೆ ಕೈಯಲ್ಲಿ ಕೀಳಬಹುದು. ಕುಳ್ಳಗೆ ಬೆಳೆಯೋ ಗಿಡ ದೂರದಲ್ಲಿ ನೆಡಿ. ಬೇಲಿ ಕತ್ತರಿಸೋ ದಿನ ಮಷೀನು ಆಫ್ ಮಾಡಿ ಒಂದು ಹಳೇ ಬೆಡ್‌ಶೀಟ್ ಹೊದಿಸಿ, ಕೆಲಸ ಮುಗಿದ ತಕ್ಷಣ ಮರೆಯದೆ ತೆಗೀರಿ. ಅಮ್ಮನ ಹೊದಿಕೆಗೆ ಅದೊಂದೇ ಹೊತ್ತು ಸರಿ :-) ಧೂಳು ಕೂತರೆ ಸ್ವಿಚ್ ಆರಿಸಿ ಮೆತ್ತನೆ ಬ್ರಷ್ಷಿನಲ್ಲಿ ರೆಕ್ಕೆಯ ಉದ್ದಕ್ಕೇ ಸವರಿ. ಕಣ್ಣಿಗೆ ಮರೆ ಬೇಕೇಬೇಕು ಅಂದರೆ ದೂರದಲ್ಲಿ ಬಿಡಿಬಿಡಿ ಪಟ್ಟಿಯ ಒಂದು ತಡಿಕೆ ನಿಲ್ಲಿಸಿ. ನನ್ನ ಜಗಳ ಇರೋದು ಮರೆಯ ಜೊತೆ ಅಲ್ಲ, ಪೆಟ್ಟಿಗೆಯ ಜೊತೆ.

2025ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಒಂದು ನಿಯಮ ತೆಗೆದರು. ಅಲ್ಲಿಯವರೆಗೆ ವಿಶೇಷ ಅನುಮತಿ ಇಲ್ಲದೆ ಹಾಕಬೇಕಾದರೆ ಪಕ್ಕದವರ ಗಡಿಯಿಂದ ಒಂದು ಮೀಟರ್ ದೂರ ಇರಬೇಕಿತ್ತು. ಈಗ ಮಷೀನುಗಳು ಬೇಲಿಯ ಹತ್ತಿರಕ್ಕೇ ಬರುತ್ತವೆ. ಅಂದರೆ ನಮ್ಮ ಮಷೀನಿನ ಉಸಿರು ಪಕ್ಕದ ಮನೆಯವರ ಕತ್ತರಿ, ಬಳ್ಳಿಗಳ ಕೈಯಲ್ಲೂ ಇದೆ. ಈ ಮಾತು ಈಗಲೇ ಆಡದಿದ್ದರೆ ಚಳಿಗಾಲ ಬಂದಾಗ ಎಲ್ಲರೂ ಸೇರಿ "ಈ ದೇಶದ ಚಳಿಗೆ ಇದು ನಡೆಯಲ್ಲ" ಅಂತ ಷರಾ ಬರೆದುಬಿಡ್ತೀವಿ. ನಾನೂ ಬರೆದಿದ್ದೆನಲ್ಲ.

ಸರಿ, ಇದನ್ನ ಆ ಗೆಳೆಯರಿಗೂ ಕಳಿಸ್ತೀನಿ. ಮತ್ತೆ ಊಟಕ್ಕೆ ಕರೀತಾರೋ ಇಲ್ಲವೋ ಗೊತ್ತಿಲ್ಲ. ಮುಂದಿನ ತಿಂಗಳು ಅವರ ಅತ್ತೆ ಮಾವ ಊರಿಂದ ಬರ್ತಾ ಇದ್ದಾರೆ. ಅಷ್ಟರೊಳಗೆ ಆ ಪೆಟ್ಟಿಗೆ ತೆಗೆದರೆ ಸಾಕು.

ಏನಂತೀರಾ?