ಕಾಲಿಗೆ ಹಗ್ಗ ಬಿಗಿದ ಬೀಗ

ಮೇಯಲು ಬಿಟ್ಟ ಪ್ರಾಣಿ ದೂರ ಹೋಗದಂತೆ ಕಾಲಿಗೆ ಹಗ್ಗ ಬಿಗಿಯುತ್ತಾರಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ‘ಹಾಬಲ್’ ಅನ್ನುತ್ತಾರೆ. ಫೆಡೋರಾ ಲಿನಕ್ಸ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನ ಮೂಲ ಕಡತದ ಹೆಸರಿನಲ್ಲೇ ‘ಹಾಬಲ್ಡ್’ ಎಂದಿತ್ತು. ಜಗತ್ತಿನ ಅಂತರ್ಜಾಲ ವ್ಯವಹಾರವನ್ನು ಕಾಯುವ ಬೀಗವದು. ಅದರಿಂದ ಎಲಿಪ್ಟಿಕ್ ಕರ್ವ್ ಗೂಢಲಿಪಿಯನ್ನು ಕಿತ್ತುಹಾಕಿಯೇ ಹಂಚುತ್ತಿದ್ದರು. ‘ಇದೇಕೆ ಇಲ್ಲ?’ ಎಂಬ ದೂರು 2007ರಲ್ಲೇ ದಾಖಲಾಗಿತ್ತು. 2013ರಲ್ಲಿ, ಅದೂ ಆಯ್ದ ಕೆಲವು ವಕ್ರರೇಖೆಗಳಿಗಷ್ಟೇ ಬಿಡುಗಡೆ ಸಿಕ್ಕಿತು.

ಈ ವಿದ್ಯೆ ಯಾರ ಗುಟ್ಟೂ ಆಗಿರಲಿಲ್ಲ. ನೀಲ್ ಕೋಬ್ಲಿಟ್ಜ್, ವಿಕ್ಟರ್ ಮಿಲ್ಲರ್ ಇಬ್ಬರೂ 1985ರಲ್ಲಿ ಬೇರೆಬೇರೆಯಾಗಿಯೇ ಅದನ್ನು ಸೂಚಿಸಿದ್ದರು. ಆಮೇಲೆ ಕೆನಡಾದ ಸರ್ಟಿಕಾಮ್ ಕಂಪನಿ ಅದರ ಸುತ್ತ ಪೇಟೆಂಟುಗಳ ಬೇಲಿ ಹಾಕುತ್ತ ಹೋಯಿತು. ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ಕೂಡ 2003ರಲ್ಲಿ ಎರಡೂವರೆ ಕೋಟಿ ಡಾಲರ್ ಕೊಟ್ಟು ಪರವಾನಗಿ ಪಡೆಯಿತು. ಇನ್ನು ಪುಕ್ಕಟೆ ಹಂಚುವವರ ಗತಿಯೇನು?

ಸೋಜಿಗವೆಂದರೆ, ಅದೇ ವರ್ಷಗಳಲ್ಲಿ ಡೆಬಿಯನ್ ಅದೇ ಕೋಡನ್ನು ಇಡಿಯಾಗಿ ಹಂಚುತ್ತಿತ್ತು. ಫೆಡೋರಾದ ಬೆನ್ನಿಗೆ ರೆಡ್ ಹ್ಯಾಟ್ ಎಂಬ ಕಾಸಿರುವ ಅಮೆರಿಕನ್ ಕಂಪನಿ ಇತ್ತು, ಡೆಬಿಯನ್ನಿನ ಬೆನ್ನಿಗೆ ಸ್ವಯಂಸೇವಕರಿದ್ದರು. ದಾವೆ ಹೂಡುವವನು ನೋಡುವುದು ಜೇಬನ್ನು. ಯಾವ ನ್ಯಾಯಾಲಯವೂ ತೀರ್ಪು ಕೊಡದೆ, ಬರೀ ಹೆದರಿಕೆಯಿಂದಲೇ ಕೋಡು ಮಾಯವಾಯಿತು.

ಯಾವ ಪೇಟೆಂಟಿನ ಹೆದರಿಕೆ ಎಂದು ಕೇಳಿದರೆ ‘ಕಾನೂನಿನ ಕಾರಣ’ ಎಂಬಷ್ಟೇ ಉತ್ತರ. ಪ್ಯಾಕೇಜ್ ಕಟ್ಟುವವರನ್ನು ನಾನು ಬೈಯಲಾರೆ. ಪೇಟೆಂಟ್ ಇದೆಯೆಂದು ಗೊತ್ತಿದ್ದೂ ಉಲ್ಲಂಘಿಸಿದರೆ ಅಮೆರಿಕದಲ್ಲಿ ಪರಿಹಾರದ ಮೊತ್ತ ಮೂರು ಪಟ್ಟಿನವರೆಗೂ ಏರಬಹುದು. ಹಾಗಾಗಿ ಓದದಿರುವುದೇ, ಮಾತಾಡದಿರುವುದೇ ಜಾಣತನ. ಜ್ಞಾನವನ್ನು ಬಹಿರಂಗಪಡಿಸಿದ್ದಕ್ಕೆ ಪ್ರತಿಫಲವಾಗಿ ಕೊಡುವ ಹಕ್ಕೇ ಪೇಟೆಂಟ್ ಅನ್ನುತ್ತಾರೆ. ಅದೇ ಹಕ್ಕು ಜನರಿಗೆ ಕಣ್ಣು ಮುಚ್ಚಿಕೊಳ್ಳಲು ಕಲಿಸುತ್ತಿದೆ.

ಪೇಟೆಂಟ್ ಇಲ್ಲದಿದ್ದರೆ ಸಂಶೋಧನೆ ಯಾರು ಮಾಡುತ್ತಾರೆ ಎನ್ನುವವರು ಆರ್‌ಎಸ್‌ಎ ಕಥೆ ನೋಡಲಿ. ಅದು 1977ರಲ್ಲೇ ಪ್ರಕಟವಾಗಿತ್ತು. ಪೇಟೆಂಟ್ ಬಂದದ್ದು 1983ರಲ್ಲಿ, ಅದೂ ಅಮೆರಿಕದಲ್ಲಿ ಮಾತ್ರ. 2000ದಲ್ಲಿ ಅದು ಮುಗಿಯುವವರೆಗೆ ಉಳಿದ ಲೋಕ ಪುಕ್ಕಟೆ ಬಳಸಿತು. ಗೂಢಲಿಪಿ ಸಂಶೋಧನೆಯೇನೂ ನಿಂತುಹೋಗಲಿಲ್ಲ.

ನಷ್ಟವಾದದ್ದು ಬಳಕೆದಾರನಿಗೆ. ಇಂದು ಕದ್ದು ದಾಖಲಿಸಿದ ಸಂಭಾಷಣೆಯನ್ನು ನಾಳೆ ಕೀಲಿ ಸಿಕ್ಕಿದರೂ ಬಿಚ್ಚಲಾಗದಂಥ ವ್ಯವಸ್ಥೆಯನ್ನು ಗೂಗಲ್ 2011ರಲ್ಲಿ ಇದೇ ವಕ್ರರೇಖೆಗಳ ಮೇಲೆ ಕಟ್ಟಿತು. ಫೆಡೋರಾದವರಿಗೆ ಅದು ದಕ್ಕಲಿಲ್ಲ.

ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಗಣಿತ ವಿಧಾನಕ್ಕೂ ಅಲ್ಗಾರಿದಮ್ಮಿಗೂ ಪೇಟೆಂಟ್ ಇಲ್ಲ ಎನ್ನುತ್ತದೆ. ಅದನ್ನು ಸಡಿಲಿಸಲು 2004ರಲ್ಲಿ ಸುಗ್ರೀವಾಜ್ಞೆ ಬಂತು. 2005ರಲ್ಲಿ ಸಂಸತ್ತು ಆ ಸಡಿಲಿಕೆಯನ್ನು ಕೈಬಿಟ್ಟಿತು. ಆದರೆ ಹೊಸ ಯಂತ್ರಾಂಶವೂ ಇರಬೇಕೆಂಬ ಷರತ್ತು 2017ರ ಮಾರ್ಗಸೂಚಿಯಲ್ಲಿ ಸದ್ದಿಲ್ಲದೆ ಮಾಯವಾಯಿತು. ಸಂಸತ್ತು ಮುಚ್ಚಿದ ಬಾಗಿಲನ್ನು ಕಚೇರಿಯ ಕಾಗದ ತೆರೆಯಕೂಡದು. ಬೆಂಗಳೂರಿನಲ್ಲಿ ಕೋಡು ಬರೆಯುವವರು ಆ ಒಂದು ಸಾಲನ್ನಾದರೂ ಓದಿ ಕಾಯ್ದುಕೊಳ್ಳಲಿ. ಇಲ್ಲಿ ಕಾನೂನು ಓದಿದ್ದಕ್ಕೆ ಮೂರು ಪಟ್ಟು ದಂಡವಿಲ್ಲ.