ಗುಡ್ಡ ದಾಟಿ ಬಂದ ಚಿತ್ರ

ಜುಲೈ ತಿಂಗಳ ಸಂಜೆ. ಅಮ್ಮತ್ತಿಯ ಕಾಫಿ ತೋಟದ ನಡುವಿನ ಮನೆಯೊಂದರಲ್ಲಿ ಧಾರಾವಾಹಿ ರಂಗೇರಿದೆ. ಸೊಸೆ ಇನ್ನೇನು ಬಾಗಿಲು ತೆರೆಯಬೇಕು, ಹೊರಗೆ ಮಳೆ ಜೋರಾಗುತ್ತದೆ. ಅವಳ ಮುಖ ಚೌಕ ಚೌಕವಾಗಿ ಒಡೆದು ಪರದೆ ಕಪ್ಪಾಗುತ್ತದೆ. 'ನಮ್ಮ ಕಾಲದಲ್ಲಿ ಮಳೆ ಬಂದರೂ ಟಿ.ವಿ. ಬರ್ತಿತ್ತು' ಎಂದು ಅಜ್ಜ ಗೊಣಗಿದರೆ ಮೊಮ್ಮಕ್ಕಳು ನಗುತ್ತಾರೆ.

ಅಜ್ಜನ ಮಾತು ಸುಳ್ಳಲ್ಲ. ಆಗ ಚಿತ್ರ ಬರುತ್ತಿದ್ದುದು ನೆಲದ ಮೇಲಿನ ಪ್ರಸಾರ ಗೋಪುರದಿಂದ. ಆ ಅಲೆಗಳ ಉದ್ದ ಮೀಟರ್‌ಗಳ ಲೆಕ್ಕದ್ದು. ಮಳೆಹನಿ ಅವಕ್ಕೆ ಅಡ್ಡಿಯೇ ಅಲ್ಲ. ಅವುಗಳ ಶತ್ರು ಗುಡ್ಡ. ಗುಡ್ಡ ಮರೆಮಾಡಿದರೆ ಪರದೆ ತುಂಬ ಚುಕ್ಕೆ. ಗುಡ್ಡಕ್ಕೆ ಬಡಿದು ಬಂದರೆ ನಟನ ಪಕ್ಕದಲ್ಲಿ ಅವನದೇ ನೆರಳು! ಅದಕ್ಕೇ ಉದ್ದನೆಯ ಕಂಬ, ಬೂಸ್ಟರ್, ಮಾಡಿನ ಮೇಲೊಬ್ಬ ಆಂಟೆನಾ ತಿರುಗಿಸುವವ, ಒಳಗೊಬ್ಬ 'ಸಾಕು, ಸಾಕು' ಎಂದು ಕೂಗುವವ.

ಇಂಥ ಮಸುಕು ಚಿತ್ರವನ್ನು ಸಣ್ಣ ಪೆಟ್ಟಿಗೆಯಲ್ಲಿ ನೋಡುವವರಿಗೆ ದೂರದ ದೃಶ್ಯ ತೋರಿಸಿ ಏನು ಪ್ರಯೋಜನ? ಸಿನಿಮಾಕ್ಕಿಂತ ಕಿರುತೆರೆಯಲ್ಲಿ ಮುಖಗಳು ಹತ್ತಿರ ಬಂದದ್ದು, ಅಕ್ಷರಗಳು ದಪ್ಪಗಾದದ್ದು ಹೀಗೆ.

ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಮರುವರ್ಷ ದೆಹಲಿ ಏಷ್ಯಾಡ್ ಜೊತೆ ಬಣ್ಣ ಬಂತು. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೇರಿತು. ಅದನ್ನು ನಿಯಂತ್ರಿಸಿದ್ದು ಕೊಡಗಿನ ನೆರೆಯ ಹಾಸನದ ಕೇಂದ್ರ. ಉಪಗ್ರಹದಿಂದ ಚಿತ್ರ ಪಡೆದು ಸುತ್ತಲಿನ ಊರುಗಳಿಗೆ ಹಂಚುವ ಪುಟ್ಟ ಪ್ರಸಾರ ಕೇಂದ್ರಗಳು ದೇಶದುದ್ದಕ್ಕೂ ಎದ್ದವು. ಹೆಚ್ಚಿನ ಊರುಗಳಿಗೆ ಒಂದೇ ವಾಹಿನಿ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಅವಸರವಿಲ್ಲದೆ ನಡೆಯಬಹುದಾಗಿತ್ತು. ನೋಡುವವರು ಎದ್ದು ಹೋಗುವುದಾದರೂ ಎಲ್ಲಿಗೆ?

1991ರಿಂದಾಚೆಗೆ ಖಾಸಗಿ ಉಪಗ್ರಹ ವಾಹಿನಿಗಳು ಬಂದವು, ಕನ್ನಡಕ್ಕೆ 1994ರಲ್ಲಿ ಉದಯ. ಈಗ ದಿನವಿಡೀ ತುಂಬಬೇಕು! ವಾರದ ಧಾರಾವಾಹಿಯ ಜೊತೆಗೆ ದಿನದ ಧಾರಾವಾಹಿ ಬಂತು. ದಿನಕ್ಕೊಂದು ಕಂತು ಮುಗಿಸಬೇಕಾದವರು ಆಗುಂಬೆಗೆ ಹೋಗಲಾರರು. ಒಂದೇ ಮನೆ, ಅದೇ ಮೆಟ್ಟಿಲು, ಅದೇ ಸೋಫಾ. ನೋಡುವವರ ಕೈಯಲ್ಲಿ ರಿಮೋಟ್. ಆದ್ದರಿಂದ ಬೆಚ್ಚಿದ ಮುಖ ಮೂರು ಸಲ, ಜೊತೆಗೆ ಗುಡುಗಿನ ಸದ್ದು. ಒಲೆಯ ಮುಂದಿರುವ ಅಮ್ಮನಿಗೂ ಕಿವಿಯಲ್ಲೇ ಕಥೆ ತಿಳಿಯಬೇಕಲ್ಲ! ಇದನ್ನೆಲ್ಲ ನಿರ್ದೇಶಕರ ಅಭಿರುಚಿಯ ತಲೆಗೇ ಕಟ್ಟುವುದು ಪೂರ್ತಿ ನ್ಯಾಯವಲ್ಲ. ಹಾಗೆಯೇ ಮೊಬೈಲಿನಲ್ಲಿ 'ಮಾಲ್ಗುಡಿ ಡೇಸ್' ಹಾಕಿ 'ತುಂಬಾ ನಿಧಾನ' ಎನ್ನುವ ಮೊಮ್ಮಗನನ್ನು 'ತಾಳ್ಮೆಯಿಲ್ಲದವನು' ಎಂದು ಗದರುವುದೂ. ಅವನ ಹೆಬ್ಬೆರಳಿಗೆ ಸಿಕ್ಕಿರುವುದು ರಿಮೋಟಿಗಿಂತ ಚುರುಕಾದ ಯಂತ್ರ.

2003-04ರಲ್ಲಿ ಡಿಟಿಎಚ್ ಬಂದ ಮೇಲೆ ಗುಡ್ಡದ ಕಾಟ ತಪ್ಪಿತು. ತಟ್ಟೆ ನೋಡುವುದು ಆಕಾಶವನ್ನು. ಆದರೆ ಅದರ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್; ದಟ್ಟ ಮಳೆ ಅದನ್ನು ಹೀರಿಬಿಡುತ್ತದೆ. ಹಳೆಯ ಚಿತ್ರ ಮಸುಕಾದರೂ ಅರ್ಧಂಬರ್ಧ ಕಾಣುತ್ತಿತ್ತು. ಡಿಜಿಟಲ್ ಚಿತ್ರಕ್ಕೆ ಆ ಗುಣವಿಲ್ಲ; ಬಂದರೆ ಸ್ವಚ್ಛ, ಇಲ್ಲವಾದರೆ ಇಲ್ಲವೇ ಇಲ್ಲ. ಅಜ್ಜನ ಆಂಟೆನಾ ಹುಡುಕಿ ತಂದರೂ ಉಪಯೋಗವಿಲ್ಲ. ದೂರದರ್ಶನದ ಹಳೆಯ ಪ್ರಸಾರ ಕೇಂದ್ರಗಳಲ್ಲಿ ಬಹುಪಾಲು 2022ರ ಹೊತ್ತಿಗೆ ಮುಚ್ಚಿದವು.

ಹತ್ತು ನಿಮಿಷದ ಮೇಲೆ ಮಳೆ ಇಳಿಯುತ್ತದೆ, ಚಿತ್ರ ಮರಳುತ್ತದೆ. ಸೊಸೆ ಇನ್ನೂ ಬಾಗಿಲ ಬಳಿಯೇ ನಿಂತಿದ್ದಾಳೆ.