ಮೊದಲು ಕಾಯಿಲೆ ಹುಡುಕ್ರಪ್ಪ, ಆಮೇಲೆ ಬಿಲ್ ಬರೀರಿ!

ಇವತ್ತು ಕಥೆ-ಕವನ ಇಲ್ಲ, ಬ್ರೇಕ್ ಪುರಾಣ. ಹೊಟ್ಟೆ ಉರೀತಿದೆ, ಸ್ವಲ್ಪ ಸಹಿಸಿಕೊಳ್ಳಿ...

ಹೋದ ತಿಂಗಳು ಅಪ್ಪ-ಅಮ್ಮನ್ನ ಕೂರಿಸಿಕೊಂಡು ಬೆಂಗಳೂರಿಂದ ಉಜಿರೆಗೆ ಹೊರಟಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯೋಣ ಅಂತ ಕಾರು ನಿಲ್ಲಿಸಿದರೆ ಸುಟ್ಟ ವಾಸನೆ! ಎಡಗಡೆ ಮುಂದಿನ ಚಕ್ರದ ಹತ್ತಿರ ಕೈ ಒಡ್ಡಿದರೆ ಒಲೆ ಮುಂದೆ ಕೂತ ಹಾಗೆ. ಬಲಗಡೆಯದು ಅಷ್ಟೇನೂ ಬಿಸಿ ಇಲ್ಲ.

ಇದೇ ಕಂಪ್ಲೇಂಟ್ ಹಿಡಿದು ಬೆಂಗಳೂರಿನ ಒಂದು ವರ್ಕ್‌ಶಾಪಿಗೆ ಎರಡು ಸಲ ಹೋಗಿದ್ದೆ. ಮೊದಲ ಸಲ ಪ್ಯಾಡ್, ಡಿಸ್ಕ್ ಬದಲಾಯಿಸಿದರು. ಎರಡನೇ ಸಲ ಇಡೀ ಕ್ಯಾಲಿಪರ್. "ಜಾಕ್ ಹಾಕಿ ತಿರುಗಿಸಿ ನೋಡಿದ್ವಿ ಸಾರ್, ವೀಲ್ ಫ್ರೀಯಾಗಿದೆ" ಅಂತ ಸರ್ಟಿಫಿಕೇಟ್ ಬೇರೆ.

ಕೊಟ್ಟಿಗೆಹಾರದಲ್ಲಿ ಸಿಕ್ಕ ಜೀಪ್ ಮೆಕ್ಯಾನಿಕ್ ಒಬ್ಬರು ಹೇಳಿದ್ದು ಒಂದೇ ಮಾತು: "ಬಿಗಿ ಹಿಡಿದಾಗ್ಲೇ ನೋಡ್ಬೇಕು ಸಾರ್, ತಣ್ಣಗಾದ್ಮೇಲೆ ಎಲ್ಲಾ ಸರಿಯಾಗೇ ಇರುತ್ತೆ."

ಜಾಕ್ ಹಾಕಿದರು. ನನ್ನ ಕೈಲಿ ಬ್ರೇಕ್ ಒತ್ತಿಸಿ, ಬಿಟ್ಟ ಕೂಡಲೇ ಚಕ್ರ ತಿರುಗಿಸಿದರು. ಬಿಗಿ. ಮೇಲಿನ ಲೋಹದ ಪೈಪಿಗೆ ರಬ್ಬರ್ ಹೋಸ್ ಸೇರುವ ಜಾಗ ಸಡಿಲಿಸಿದರು. ಇನ್ನೂ ಬಿಗಿ. ಆಮೇಲೆ ಕ್ಯಾಲಿಪರಿನ ಬ್ಲೀಡರ್ ಸ್ಕ್ರೂ ಬಿಚ್ಚಿದರು ನೋಡಿ, ಫ್ಲೂಯಿಡ್ ಚಿಮ್ಮಿತು, ಚಕ್ರ ಸಲೀಸಾಗಿ ತಿರುಗಿತು! ಅಂದ್ರೆ ಒತ್ತಡ ಸಿಕ್ಕಿಕೊಂಡಿದ್ದು ಹೋಸಿನೊಳಗೆ. ಹಳೇ ಹೋಸು ಒಳಗೇ ಊದಿಕೊಂಡು ಫ್ಲೂಯಿಡನ್ನ ಹೋಗಲು ಬಿಡುತ್ತೆ, ವಾಪಸ್ ಬರಲು ಬಿಡೋದಿಲ್ಲ. ನಿಧಾನಕ್ಕೆ ಜಿನುಗಿ ವಾಪಸಾಗೋದರಿಂದ ನಿಂತ ಕಾರಿನಲ್ಲಿ ಚಕ್ರ 'ಫ್ರೀ'. ಬದಲಾಯಿಸಿದ ಕ್ಯಾಲಿಪರ್ ಪಾಪ ನಿರಪರಾಧಿ.

ಬ್ಲೀಡರ್ ಬಿಚ್ಚಿದ ಮೇಲೂ ಬಿಗಿಯಾಗೇ ಇದ್ದಿದ್ದರೆ ತಪ್ಪು ಕ್ಯಾಲಿಪರಿನದೇ. ಆಗಲೂ ಎರಡು ದಾರಿ: ಸ್ಲೈಡ್ ಪಿನ್ ಕೈಯಲ್ಲಿ ಸರಾಗ ಜಾರದಿದ್ದರೆ ಗ್ರೀಸ್ ಒಣಗಿದೆ ಅಥವಾ ತುಕ್ಕು ಹಿಡಿದಿದೆ; ಸ್ವಚ್ಛ ಮಾಡಿ ರಬ್ಬರಿಗೆ ಒಗ್ಗುವ ಸಿಲಿಕೋನ್ ಗ್ರೀಸ್ ಹಚ್ಚಿದರೆ ಎಷ್ಟೋ ಸಲ ಸಾಕು. ಪಿಸ್ಟನ್ನೇ ತುಕ್ಕು ತಿಂದಿದ್ದರೆ ಬದಲಾಯಿಸಿ, ನನ್ನ ತಕರಾರಿಲ್ಲ. ನನ್ನ ತಕರಾರು ನೋಡದೇ ಬದಲಾಯಿಸೋದಕ್ಕೆ.

"ನಮಗೆಲ್ಲಿ ಟೈಮ್ ಸಾರ್, ಗ್ಯಾರಂಟಿ ಬೇರೆ ಕೊಡಬೇಕು" ಅಂತಾರೆ. ಸರಿಯಪ್ಪ, ಆದ್ರೆ ಎರಡು ದಿನ ಕಾರು ಇಟ್ಟುಕೊಂಡವರಿಗೆ ಹತ್ತು ನಿಮಿಷದ ಪರೀಕ್ಷೆಗೆ ಟೈಮಿಲ್ವಾ? ತಪ್ಪು ಪಾರ್ಟಿಗೆ ಕೊಟ್ಟ ಗ್ಯಾರಂಟಿ ತಗೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?

ದುಡ್ಡು ಹೋದರೆ ಹೋಗಲಿ. ಡಾಟ್ 3 ಬ್ರೇಕ್ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ಮಾನದಂಡ ಇದೆ. ಗಾಳಿಯ ತೇವ ಹೀರಿ ಅದರಲ್ಲಿ 3.7% ನೀರು ಸೇರಿದರೆ ಆ ಮಿತಿ ಬರೀ 140. ಕುದ್ದರೆ ಒಳಗೆ ಆವಿ. ಆವಿ ಒತ್ತಿದರೆ ಕುಗ್ಗುತ್ತೆ, ಪೆಡಲ್ ನೆಲಕ್ಕೆ ಹೋಗುತ್ತೆ, ಬ್ರೇಕ್ ಹಿಡಿಯೋದಿಲ್ಲ. ಅವತ್ತು ದೋಸೆ ಆಸೆ ಇಲ್ಲದೇ ಸೀದಾ ಚಾರ್ಮಾಡಿ ತಿರುವುಗಳಿಗೆ ಇಳಿದಿದ್ದರೆ? ಹಿಂದಿನ ಸೀಟಲ್ಲಿ ಅಮ್ಮ ನಿದ್ದೆ ಮಾಡ್ತಿದ್ಲು...

ಹುಡುಗನೊಬ್ಬ ಬೈಕಲ್ಲಿ ಮೂಡಿಗೆರೆಗೆ ಹೋಗಿ ಹೋಸ್ ತಂದ. ಹಾಕಿ, ಹೊಸ ಫ್ಲೂಯಿಡ್ ತುಂಬಿ, ಗಾಳಿ ತೆಗೆದು, ನಾಲ್ಕು ಸುತ್ತು ಓಡಿಸಿ, ನಾಲ್ಕೂ ಚಕ್ರದ ಬಿಸಿ ನೋಡಿದ ಮೇಲೇ ಆ ಯಜಮಾನರು ದುಡ್ಡು ಕೇಳಿದ್ದು.

ಮುಂದಿನ ಸಲ ನಿಮ್ಮ ಕಾರಿಗೆ ಯಾರಾದರೂ "ಕ್ಯಾಲಿಪರ್ ಹೋಗಿದೆ ಸಾರ್" ಅಂದರೆ ಒಂದೇ ಪ್ರಶ್ನೆ ಕೇಳಿ: "ಬ್ಲೀಡರ್ ಬಿಚ್ಚಿ ನೋಡಿದ್ರಾ?" ತಲೆ ಕೆರೆದುಕೊಂಡರೆ ಕೀ ವಾಪಸ್ ಇಸ್ಕೊಳ್ಳಿ.

ಏನಂತೀರಿ?